ವಾಪಸ್ ಹೋದ ಫಾರ್ಮುಗಳು

ಮನುಷ್ಯರನ್ನು ಹಿಡಿದು ಖಾನೆಯೊಳಗೆ ಕೂಡಿಸಲು ಹೋದಾಗಲೆಲ್ಲ ಏನಾದರೊಂದು ಫಜೀತಿ ಆಗಿಯೇ ತೀರುತ್ತದೆ. ಒಬ್ಬನ ಕಾಲು ಹೊರಗುಳಿಯುತ್ತದೆ, ಇನ್ನೊಬ್ಬ ಪಕ್ಕದ ಖಾನೆಗೆ ಜಿಗಿಯುತ್ತಾನೆ, ಮತ್ತೊಬ್ಬ ನಾನು ಕೂಡುವುದೇ ಇಲ್ಲ ಎಂದು ಹಟ ಹಿಡಿಯುತ್ತಾನೆ. ಇದನ್ನು ಯಾರೋ ಹೇಳಿದ್ದು ಕೇಳಿ ಬರೆಯುತ್ತಿಲ್ಲ. ಎಪ್ಪತ್ತರ ದಶಕದಲ್ಲಿ ಸಿಂದಗಿ ಬಜಾರಿನ ಒಂದು ಮಾಳಿಗೆಯ ಮೇಲೆ ಕೂತು, ಕೈಯಲ್ಲಿ ಕೆಂಪು ಪೆನ್ಸಿಲು ಹಿಡಿದು, ದಿನಾ ಕಣ್ಣಾರೆ ಕಂಡದ್ದು.

ಕೆಲಸ ಇಷ್ಟೇ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕುಗಳಲ್ಲಿ ಮನೆಮನೆಯ ಸಮೀಕ್ಷೆ ನಡೆದಿತ್ತು. ಮನೆಯಲ್ಲಿ ಮಂದಿ ಎಷ್ಟು, ಅವರ ವಯಸ್ಸೆಷ್ಟು, ಎತ್ತು ಎಮ್ಮೆ ಎಷ್ಟು, ಬಂಡಿ, ಬಿತ್ತುವ ಕೂರಿಗೆ ಎಷ್ಟು ಎಂಬುದನ್ನೆಲ್ಲ ಶಾಲೆಯ ಮಾಸ್ತರರು ಮನೆಮನೆಗೆ ಹೋಗಿ ಕೇಳಿ ಫಾರ್ಮಿನಲ್ಲಿ ತುಂಬುತ್ತಿದ್ದರು. ಆ ಫಾರ್ಮುಗಳು ನಮ್ಮ ಕಚೇರಿಗೆ ಬರುತ್ತಿದ್ದವು. ನಮ್ಮಿಂದ ಬೆಂಗಳೂರಿಗೆ ಹೋಗಿ, ಅಲ್ಲಿ ಅಂಕಿಗಳೆಲ್ಲ ಗಟ್ಟಿ ಕಾಗದದ ಕಾರ್ಡುಗಳಲ್ಲಿ ತೂತುಗಳಾಗಿ, ಒಂದು ದೊಡ್ಡ ಯಂತ್ರದ ಬಾಯಿಗೆ ಬೀಳುತ್ತಿದ್ದವು. ಆ ಯಂತ್ರವನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಅದರ ಸಿಟ್ಟು ಮಾತ್ರ ಎಲ್ಲರಿಗೂ ಗೊತ್ತಿತ್ತು. ಒಂದು ಖಾನೆಗೆ ಒಂದೇ ಅಂಕಿ. ಖಾನೆ ಖಾಲಿ ಬಿಡುವಂತಿಲ್ಲ, ಏನೂ ಇಲ್ಲದಿದ್ದರೆ ಸೊನ್ನೆ ಬರೆಯಬೇಕು. ಅಂಕಿ ಗೆರೆಗೆ ತಾಗುವಂತಿಲ್ಲ. ‘ಮೇಲಿನಂತೆ’ ಎಂದು ಎರಡು ಚುಕ್ಕೆ ಇಟ್ಟು ಮುಂದೆ ಹೋಗುವಂತಿಲ್ಲ. ಒಂದು ಕಡೆ ತಪ್ಪಿದರೂ ಯಂತ್ರ ಆ ಊರಿನ ಫಾರ್ಮುಗಳ ಇಡೀ ಗಂಟನ್ನೇ ಹಿಂದಕ್ಕೆ ಉಗುಳುತ್ತಿತ್ತು. ಅದು ಉಗುಳುವ ಮೊದಲೇ ತಪ್ಪು ಹುಡುಕಿ, ಕೆಂಪು ಸುತ್ತು ಹಾಕಿ, ತುಂಬಿದವರಿಗೆ ವಾಪಸ್ ಕಳಿಸುವುದು ನಮ್ಮ ಕೆಲಸ.

ನಾವು ಅಂದರೆ ಮೂವರು: ಹೆಡ್ ಕಾರಕೂನರು, ನಾನು, ಗಂಟು ಕಟ್ಟುವ ಸಿಪಾಯಿ. ಹೆಡ್ ಕಾರಕೂನರು ಇಂಡಿಯ ಮುಸಲ್ಮಾನರು. ನಾವು ಅವರನ್ನು ಸಾಹೇಬರು ಎನ್ನುತ್ತಿದ್ದೆವು. ಕರಿ ಟೊಪ್ಪಿಗೆ, ಒಗೆದೊಗೆದು ತೆಳ್ಳಗಾದ ಬಿಳಿ ಅಂಗಿ, ಮೇಜಿನ ಮೇಲೆ ಯಾವಾಗಲೂ ಊರಿನಿಂದ ತಂದ ಒಂದು ಲಿಂಬೆಹಣ್ಣು. ಮಧ್ಯಾಹ್ನದ ಬಿಸಿಲಿಗೆ ಕಣ್ಣು ಎಳೆದಾಗ ಅದನ್ನೊಮ್ಮೆ ಮೂಸಿ ಮತ್ತೆ ಫಾರ್ಮಿಗೆ ಬಗ್ಗುತ್ತಿದ್ದರು. ಅಂಥ ತಪಾಸಣೆಗಾರರನ್ನು ನಾನು ಆಮೇಲೆ ಎಲ್ಲೂ ಕಾಣಲಿಲ್ಲ. ಮೊದಲ ದಿನವೇ ನನಗೆ ಹೇಳಿದ್ದರು:

“ಬಾಯಾರ, ಫಾರ್ಮು ಅಡ್ಡ ಓದಬ್ಯಾಡ್ರಿ. ಅಡ್ಡ ಓದಿದ್ರ ಮನಿ ಕಾಣ್ತೈತಿ, ಮಂದಿ ಕಾಣ್ತಾರ, ಕಣ್ಣು ತಾನ ಕತಿ ಕಟ್ಕೋತ ಹೊಂಟು ಬಿಡ್ತೈತಿ. ಉದ್ದಕ ಓದ್ರಿ, ಮ್ಯಾಲಿಂದ ಕೆಳಗ. ತಪ್ಪು ತಾನ ಎದ್ದು ನಿಂದರ್ತೈತಿ.”

ನಾನು ಆಗ ತಾನೇ ಎಸ್ಸೆಸ್ಸೆಲ್ಸಿ ಮುಗಿಸಿ, ಟೈಪಿಂಗ್ ಕಲಿತು, ಬಾಗೇವಾಡಿಯಿಂದ ಬಂದವಳು. ಸಿಂದಗಿಯಲ್ಲಿ ದೊಡ್ಡವ್ವನ ಮನೆಯಲ್ಲಿ ಇದ್ದೆ. ನೌಕರಿ ಕಾಯಂ ಅಲ್ಲ, ಮೂರು ತಿಂಗಳಿಗೊಮ್ಮೆ ಹೊಸ ಆರ್ಡರ್ ಬರಬೇಕು. ನಮ್ಮಪ್ಪನದು ಬಾಗೇವಾಡಿಯಲ್ಲಿ ಹಗ್ಗ, ಕಣ್ಣಿ, ಬಾರುಕೋಲಿನ ಅಂಗಡಿ. ಕಳಿಸುವಾಗ ಒಂದೇ ಮಾತು ಹೇಳಿದ್ದ. “ಆರ್ಡರ್ ಇರೂತನಕ ಇರು. ಆರ್ಡರ್ ಮುಗಿದ ದಿನಾ ನಾನ ಬಂದು ಕರ್ಕೊಂಡ ಹೋಗ್ತೇನಿ. ಮದಿವಿ ಮಾಡಿ ಕೈ ತೊಳ್ಕೋತೇನಿ.” ನನಗೋ ಆ ಮಾಳಿಗೆ, ಆ ಕೆಂಪು ಪೆನ್ಸಿಲು, ನನ್ನನ್ನು ‘ಬಾಯಾರ’ ಎಂದು ಬಹುವಚನದಲ್ಲಿ ಮಾತಾಡಿಸುವ ಮಂದಿ, ಇದೆಲ್ಲ ಬಹಳ ಹಿಡಿಸಿಬಿಟ್ಟಿತ್ತು. ಬಿಟ್ಟು ಹೋಗುವ ಮನಸ್ಸು ಎಳ್ಳಷ್ಟೂ ಇರಲಿಲ್ಲ. ಹೀಗಾಗಿ ಒಂದೊಂದು ಗಂಟು ಬೆಂಗಳೂರಿಗೆ ಹೋದಾಗಲೂ, ಯಂತ್ರ ಉಗುಳದಿರಲಪ್ಪಾ ಎಂದು ದೊಡ್ಡವ್ವನ ಮನೆಯ ದೇವರ ಜಗಲಿಯ ಮುಂದೆ ಕೈ ಮುಗಿಯುತ್ತಿದ್ದೆ.

ಕೀಲಿ ಹಾಕಿದ ಮನೆಯ ಎಮ್ಮೆ

ಹೊರ್ತಿ ಕಡೆಯ ಒಂದು ಹಳ್ಳಿಯಿಂದ ಬಂದ ಗಂಟನ್ನು ಉದ್ದಕ್ಕೆ ಓದುತ್ತಿದ್ದೆ. ಎಮ್ಮೆಯ ಖಾನೆಯಲ್ಲಿ ಒಂದು, ಒಂದು, ಎರಡು, ಒಂದು. ಆಕಳ ಖಾನೆಯಲ್ಲಿ ಒಂದು, ಒಂದು, ಒಂದು. ಇಡೀ ಊರಿನಲ್ಲಿ ಒಂದೇ ಒಂದು ಸೊನ್ನೆ ಇಲ್ಲ. ನನಗೆ ಖುಷಿಯಾಯಿತು, ಎಂಥ ಸಮೃದ್ಧಿಯ ಊರು ಎಂದುಕೊಂಡೆ. ಸಾಹೇಬರಿಗೆ ತೋರಿಸಿದರೆ ಅವರು ಒಂದು ಫಾರ್ಮು ಹೊರಗೆಳೆದು ನನ್ನ ಮುಂದೆ ಹಿಡಿದರು. ಷರಾ ಬರೆಯುವ ಜಾಗದಲ್ಲಿ ‘ಮನೆಗೆ ಕೀಲಿ ಹಾಕಿದೆ, ಮಂದಿ ದುಡಿಯಲು ಬೇರೆ ಊರಿಗೆ ಹೋಗಿದ್ದಾರೆ’ ಎಂದಿತ್ತು. ಎಮ್ಮೆಯ ಖಾನೆಯಲ್ಲಿ ಒಂದು ಎಂದಿತ್ತು.

“ಎಮ್ಮಿ ಒಳಗ ಬಿಟ್ಟು ಕೀಲಿ ಹಾಕ್ಕೊಂಡ ಹೋಗ್ಯಾರೇನ್ರಿ ಬಾಯಾರ?” ಎಂದರು.

ಮಾಸ್ತರರಿಗೆ ಕರೆ ಹೋಯಿತು. ಬಂದರು. ಒಳ್ಳೆಯ ಮನುಷ್ಯ, ಮುಖ ನೋಡಿದರೇ ಸುಳ್ಳು ಬರೆಯುವವರಲ್ಲ ಎಂದು ತಿಳಿಯುತ್ತಿತ್ತು. ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡು ಹೇಳಿದರು:

“ನಾ ಏನ್ ಮಾಡ್ಲಿ ಸಾಹೇಬ್ರ? ಹೆಣ್ಮಕ್ಕಳು ಕಟ್ಟಿ ಮ್ಯಾಲೆ ನಿಂತು ನನ್ನ ಪೆನ್ನಿನ ತುದಿನ ನೋಡ್ತಿರ್ತಾರ. ನಾ ಸೊನ್ನಿ ತಿರುವಾಕ ಹೋಗೂದ ತಡಾ, ‘ಮಾಸ್ತರ, ಮುಂಜಾನೆದ್ದು ನಮ್ಮ ದನದ ಗ್ವಾದಲಿಗೆ ಸೊನ್ನಿ ಸುತ್ತಾಕ ಬಂದೀರೇನು? ಇವತ್ತ ಇಲ್ಲಂದ್ರ ನಾಳೆ ಕಟ್ತೇವಿ. ಬರೂ ಎಮ್ಮಿನೂ ನಿಮ್ಮ ಸೊನ್ನಿ ನೋಡಿ ಹಿಂದಕ್ಕ ಹೋಗಬೇಕೇನು?’ ಅಂತಾರ. ಅವರ ಮನಿ ಚಾ ಕುಡದು ಅವರ ಗ್ವಾದಲಿಗೆ ಸೊನ್ನಿ ಹೆಂಗ ಬರೀಲಿ ಹೇಳ್ರಿ.”

“ಆತು. ಕೀಲಿ ಹಾಕಿದ ಮನಿಗೆ ಯಾರು ಗಂಟು ಬಿದ್ರು?”

“ಅದು ಬಾಜೂ ಮನಿಯಾಕಿ ಬರಸಿದ್ದರಿ. ಆಕಿ ಗೆಳತಿ ಮನಿಯಂತ. ‘ಆಕಿ ಇಲ್ಲದಾಗ ಆಕಿ ಮನಿಗೆ ಸೊನ್ನಿ ಬರದ್ರ ನಾ ಆಕಿ ಮುಂದ ಹೆಂಗ ಮಾರಿ ತೋರಸ್ಲಿ?’ ಅಂದ್ಲು.”

ನಾನಾಗಿದ್ದರೆ ಮಾಸ್ತರರಿಗೆ ನಿಯಮದ ಪುಸ್ತಕ ಓದಿ ಹೇಳುತ್ತಿದ್ದೆ. ಸಾಹೇಬರು ಹಾಗೆ ಮಾಡಲಿಲ್ಲ. ಸ್ವಲ್ಪ ಹೊತ್ತು ಲಿಂಬೆಹಣ್ಣನ್ನು ಅಂಗೈಯಲ್ಲಿ ಉರುಳಿಸಿದರು. “ಅವರ ಎದುರಿಗೆ ಬರೀಬ್ಯಾಡ್ರಿ. ಖಾಲಿ ಬಿಡ್ರಿ. ಎಲ್ಲಾ ಮನಿ ಮುಗದ ಮ್ಯಾಲೆ ಊರ ಹೊರಗ ಒಂದು ಗಿಡದ ಬುಡಕ ಕುಂತು, ಎಲ್ಲಾರ ಸೊನ್ನಿ ಅಲ್ಲೇ ಬರ್ಕೊಂಡ ಬರ್ರಿ. ಯಾರ ಮನಸ್ಸೂ ನೋಯೂದಿಲ್ಲ, ಯಂತ್ರನೂ ಸಿಟ್ಟಾಗೂದಿಲ್ಲ” ಎಂದರು.

ಎಂಟು ದಿನಕ್ಕೆ ಗಂಟು ಸರಿಯಾಗಿ ಬಂತು. ಒಂದು ಸುತ್ತು ಹಾಕಲೂ ಜಾಗವಿರಲಿಲ್ಲ. ಮನುಷ್ಯರ ಮನಸ್ಸು ಗೊತ್ತಿಲ್ಲದವರು ಫಾರ್ಮು ತಿದ್ದಬಾರದು ಎಂದು ಆಗ ನನಗೆ ಅರಿವಾಯಿತು. ಕೆಲವು ತಿಂಗಳ ಮೇಲೆ ಅದೇ ಮಾಸ್ತರರು ಬಜಾರಿಗೆ ಬಂದಾಗ ಮಾಳಿಗೆ ಹತ್ತಿ ಬಂದರು. ಸಾಹೇಬರು, ಮತ್ತೇನಾದರೂ ತಕರಾರು ಬಂತೇನು ಎಂದು ಕೇಳಿದರು.

“ಏನೂ ಇಲ್ರಿ ಸಾಹೇಬ್ರ, ಎಲ್ಲಾ ಚಲೋ ಐತಿ. ಆದ್ರ ನಾ ಕುಂತು ಸೊನ್ನಿ ಬರದ ಆ ಬೇವಿನ ಗಿಡದ ಕೆಳಗ ಈಗ ಯಾರೂ ದನಾ ಕಟ್ಟೂದಿಲ್ರಿ.”

ಅರ್ಧ ಎತ್ತು

ಮುದ್ದೇಬಿಹಾಳ ತಾಲೂಕಿನ ಒಂದು ಹಳ್ಳಿಯಿಂದ ಎರಡು ಫಾರ್ಮು ಬಂದವು. ಎರಡರಲ್ಲೂ ಎತ್ತಿನ ಖಾನೆಯಲ್ಲಿ ‘೧/೨’ ಎಂದು ಬರೆದಿತ್ತು. ಒಂದೇ ಖಾನೆ, ಅದರೊಳಗೆ ಎರಡು ಅಂಕಿ, ನಡುವೆ ಒಂದು ಓರೆ ಗೆರೆ. ಯಂತ್ರ ಇದನ್ನು ನೋಡಿದ್ದರೆ ಉಗುಳುವುದಿರಲಿ, ವಾಂತಿಯೇ ಮಾಡಿಕೊಳ್ಳುತ್ತಿತ್ತು. ಕೆಂಪು ಸುತ್ತು ಹಾಕಿ ವಾಪಸ್ ಕಳಿಸಿದೆ. ಹದಿನೈದು ದಿನಕ್ಕೆ ಅದೇ ಅರ್ಧ ಎತ್ತುಗಳು ಅಲ್ಲಿಯ ಮಾಸ್ತರರ ಒಂದು ಚೀಟಿಯೊಡನೆ ತಿರುಗಿ ಬಂದವು: ‘ಇದಕ್ಕಿಂತ ಹೆಚ್ಚು ನನ್ನಿಂದಾಗದು. ತಾವೇ ಬಂದು ನೋಡಬೇಕು.’

ಸಾಹೇಬರೂ ನಾನೂ ಬಸ್ಸು ಹಿಡಿದು ಹೋದೆವು. ಅಣ್ಣತಮ್ಮಂದಿರ ಎರಡು ಮನೆ, ಎದುರುಬದುರು. ಇಬ್ಬರೂ ಕೂಡಿ ಒಂದೊಂದು ಪಾಲು ಹಾಕಿ ಒಂದು ಎತ್ತು ತಂದಿದ್ದರು. ಆಮೇಲೆ ಮಾತು ಬಿಟ್ಟಿದ್ದರು. ಎತ್ತು ಮಾತ್ರ ಇಬ್ಬರೊಂದಿಗೂ ಚೆನ್ನಾಗಿಯೇ ಇತ್ತು. ಎತ್ತು ತನ್ನ ಫಾರ್ಮಿನಲ್ಲಿ ಬರಬೇಕೆಂದು ಅಣ್ಣ, ತನ್ನದರಲ್ಲಿ ಬರಬೇಕೆಂದು ತಮ್ಮ. ಸರಕಾರದ ಕಾಗದದಲ್ಲಿ ಒಮ್ಮೆ ಒಬ್ಬನ ಹೆಸರಿಗೆ ಬಿದ್ದರೆ ಮುಗಿಯಿತು ಎಂದು ಇಬ್ಬರಿಗೂ ಹೆದರಿಕೆ. ಪಾಪ, ಮಾಸ್ತರರು ಇಬ್ಬರ ಎದುರಿಗೂ ಎತ್ತನ್ನು ಸಮನಾಗಿ ಕಡಿದು ಹಂಚಿದ್ದರು.

“ಎತ್ತು ಎಲ್ಲಿ ಕಟ್ತೀರಿ?” ಸಾಹೇಬರು ಕೇಳಿದರು.

“ಒಂದು ವಾರ ನಮ್ಮ ಅಂಗಳದಾಗ, ಒಂದು ವಾರ ಅವರ ಅಂಗಳದಾಗ” ಎಂದ ಅಣ್ಣ.

“ಇವತ್ತ ಯಾರ ಪಾಳಿ?”

“ಇವತ್ತ ಸಂಜಿಗೆ ಅವರಿಂದ ನಮಗ ಬದಲಿ ಆಗೂದೈತ್ರಿ” ಎಂದ ತಮ್ಮ. ನಾವು ಹೋಗಿದ್ದೂ ಸರಿಯಾಗಿ ಅದೇ ದಿನ.

ಸಾಹೇಬರು ಬೇವಿನ ಕಟ್ಟೆಯ ಮೇಲೆ ಕೂತುಬಿಟ್ಟರು. ದನಗಳು ಹೊಲದಿಂದ ಬರುವ ಹೊತ್ತಿಗೆ ಎದ್ದು, ಎತ್ತು ಹಿಡಿದುಕೊಂಡು ಬಂದ ಆಳಿಗೆ ಹೇಳಿದರು: “ಹಗ್ಗ ತಗಿ. ಎರಡೂ ಮನಿ ನಡುವ ಬಿಡು. ತನ್ನ ಮನಿ ಯಾವುದಂತ ಅದನ್ನ ಕೇಳೂಣು.”

ಊರ ಮಂದಿ ಸೇರಿದರು. ಅಣ್ಣ ತನ್ನ ಅಂಗಳದಲ್ಲಿ ಮೇವು ಹಾಕಿಸಿದ. ಅದನ್ನು ನೋಡಿ ತಮ್ಮ ಒಂದು ಬುಟ್ಟಿ ಹೆಚ್ಚಿಗೆ ಹಾಕಿಸಿದ. ಎತ್ತು ಒಂದು ಸಲ ಈ ಕಡೆ ನೋಡಿತು, ಒಂದು ಸಲ ಆ ಕಡೆ ನೋಡಿತು, ಆಮೇಲೆ ಇಬ್ಬರ ನಡುವಿನಿಂದ ನೆಟ್ಟಗೆ ನಡೆದು ಓಣಿಯ ತುದಿಯ ಒಂದು ಸಣ್ಣ ಮನೆಯ ಬಾಗಿಲಿಗೆ ಹೋಗಿ ಮೋರೆ ಒಳಗೆ ಹಾಕಿ ನಿಂತಿತು. ಅದು ಅವರ ತಾಯಿಯ ಮನೆ. ಮುದುಕಿ ಮಕ್ಕಳಿಂದ ಬೇರೆಯಾಗಿ ಇದ್ದಳು, ಅವಳಿಗೆ ಬೇರೆಯೇ ಫಾರ್ಮಿತ್ತು. ದಿನಾ ಸಂಜೆ ಒಂದು ಬೋಗುಣಿ ನುಚ್ಚಿನ ಗಂಜಿ ಎತ್ತಿಗೆ ಕುಡಿಸುತ್ತಿದ್ದಳಂತೆ. ಮಕ್ಕಳಿಬ್ಬರಿಗೂ ಇದು ಗೊತ್ತೇ ಇರಲಿಲ್ಲ.

ಸಾಹೇಬರು ಕಿಸೆಯಿಂದ ಪೆನ್ನು ತೆಗೆದು ಮುದುಕಿಯ ಫಾರ್ಮಿನಲ್ಲಿ ಎತ್ತಿನ ಖಾನೆಗೆ ‘೧’ ಎಂದು ಬರೆದರು. ಅಣ್ಣ ಸುಮ್ಮನಾದ, ತಮ್ಮನಿಗೆ ಸಿಗಲಿಲ್ಲವಲ್ಲ ಎಂದು. ತಮ್ಮ ಸುಮ್ಮನಾದ, ಅಣ್ಣನಿಗೆ ಸಿಗಲಿಲ್ಲವಲ್ಲ ಎಂದು. ಇಡೀ ಊರು ಇದೇ ಸರಿ ಎಂದಿತು. ನನಗೆ ಆ ಮನುಷ್ಯನ ಕಾಲಿಗೆ ಬೀಳಬೇಕೆನಿಸಿತು.

ಮುದುಕಿ ಮಾತ್ರ ಏನೋ ಲೆಕ್ಕ ಹಾಕುತ್ತ ನಿಂತಿದ್ದಳು. “ಸಾಹೇಬಾ, ಇಲ್ಲಿ ಬಂದು ಕುಡಿಯೂವೆಲ್ಲಾ ನನ್ನ ಕಾಗದದಾಗ ಬರ್ತಾವೇನು?” ಎಂದು ಕೇಳಿದಳು. ಹೌದವ್ವಾ ಎಂದರು ಸಾಹೇಬರು.

“ಹಂಗಾದ್ರ ಇವರಿಬ್ಬರನ್ನೂ ಅದರ ಕೆಳಗ ಬರ್ಕೋ. ಹೆಂಡ್ರ ಸಂಗಾಟ ಜಗಳಾಡಿದ ದಿನಾ ಇವರೂ ಇಲ್ಲೇ ಬರ್ತಾರ.”

ಮೂರು ಅಂಕಿಯ ಅಜ್ಜ

ವಯಸ್ಸಿಗೆ ಫಾರ್ಮಿನಲ್ಲಿ ಎರಡೇ ಖಾನೆ. ತೊಂಬತ್ತೊಂಬತ್ತು ದಾಟಿದವರಿಗೂ ತೊಂಬತ್ತೊಂಬತ್ತೇ ಬರೆಯಬೇಕೆಂದು ನಿಯಮ. ಬರೆದವರು ನಿಯಮ ಪಾಲಿಸಿದ್ದರು, ನಾವು ಪಾಸು ಮಾಡಿದ್ದೆವು, ಎಲ್ಲ ಸರಿ ಇತ್ತು. ಒಂದು ದಿನ ಏಣಿಯಂಥ ನಮ್ಮ ಮೆಟ್ಟಿಲುಗಳ ಮೇಲೆ ಟಕ್, ಟಕ್ ಎಂದು ಕೋಲಿನ ಸಪ್ಪಳ ಕೇಳಿಸಿತು. ಕೊಲ್ಹಾರದ ಕಡೆಯಿಂದ ಎರಡು ಬಸ್ಸು ಬದಲಿಸಿ ಒಬ್ಬ ಅಜ್ಜ ಬಂದಿದ್ದ. ಹಣ್ಣು ಹಣ್ಣು ಮುದುಕ, ಆದರೆ ಧ್ವನಿ ಕಂಚಿನಂತಿತ್ತು.

“ನನ್ನ ನಾಕ ವರ್ಷ ಇಟ್ಕೊಂಡವರು ಯಾರ ಇಲ್ಲಿ?”

ನಾನು ಸಿಪಾಯಿಯ ಮುಖ ನೋಡಿದೆ, ಸಿಪಾಯಿ ನನ್ನ ಮುಖ ನೋಡಿದ. ಸಾಹೇಬರು ಎದ್ದು ಅಜ್ಜನನ್ನು ತಮ್ಮ ಖುರ್ಚಿಯ ಮೇಲೆ ಕೂಡಿಸಿದರು. ವಿಷಯ ಹೊರಬಿತ್ತು. ಅಜ್ಜನಿಗೆ ನೂರಾ ಮೂರು. ಊರಿನ ಮಾಸ್ತರ ತೊಂಬತ್ತೊಂಬತ್ತು ಬರೆದಿದ್ದಾನೆಂದು ಯಾರೋ ಕಟ್ಟೆಯ ಮೇಲೆ ಆಡಿಕೊಂಡಿದ್ದಾರೆ. ಅಂದಿನಿಂದ ಅಜ್ಜನಿಗೆ ಊಟ ಸೇರಿರಲಿಲ್ಲ.

“ಹೊಳಿ ನೀರು ಕುಡದು, ಬಿಸಲಾಗ ದುಡದು ಗಳಿಸಿದ ವರ್ಷ ಅವು. ಯಾರಪ್ಪನ ಮನಿಯಿಂದ ತಂದದ್ದಲ್ಲ. ಯಾವ ನಾಕ ವರ್ಷ ತಗದೀರಿ ಅದನ್ನಾರ ಹೇಳ್ರಿ.”

ಬೇರೆಯವರಾಗಿದ್ದರೆ ಮುದುಕನ ಮಾತೆಂದು ನಕ್ಕು ಕಳಿಸುತ್ತಿದ್ದರು. ಸಾಹೇಬರು ಗಂಟು ಬಿಚ್ಚಿಸಿದರು, ಅಜ್ಜನ ಮನೆಯ ಫಾರ್ಮು ಹುಡುಕಿ ತೆಗೆದರು, ಉದ್ದಕ್ಕೆ ಓದಿದರು. ಹಿರಿಮಗನಿಗೆ ಎಪ್ಪತ್ತೆಂಟು, ಅವನ ಮಗನಿಗೆ ಐವತ್ತೈದು, ಅವನ ಮಗನಿಗೆ ಮೂವತ್ತು. ಕೆಳಗಿನಿಂದ ಮೇಲಕ್ಕೆ ಎಲ್ಲ ಸರಿಯಾಗಿ ಕೂಡುತ್ತಿತ್ತು.

“ಅಜ್ಜಾ, ನಿಮ್ಮ ವಯಸ್ಸು ಖರೇನ ಐತಿ. ನಮ್ಮ ಖಾನಿ ಸಣ್ಣದೈತಿ, ತಪ್ಪು ನಮ್ಮದು. ಬೆಂಗಳೂರಾಗಿನ ಯಂತ್ರಕ್ಕ ಎರಡ ಅಂಕಿ ಹಿಡಿಸ್ತಾವ” ಎಂದರು.

ಅಜ್ಜನ ಸಿಟ್ಟು ಇಳಿಯಿತು. ಕೆಳಗಿನ ಅಂಗಡಿಯಿಂದ ತರಿಸಿದ ಚಹಾವನ್ನು ಬಸಿಗೆ ಹುಯ್ದುಕೊಂಡು ಊದಿ ಊದಿ ಕುಡಿದ. ಬಸಿ ಕೆಳಗಿಟ್ಟು, ಬೆರಳು ಮಡಚಿ ಏನೋ ಎಣಿಸಿದ. ಆಮೇಲೆ ಬಹಳ ದೊಡ್ಡ ಮನಸ್ಸು ಮಾಡಿದವನಂತೆ ಹೇಳಿದ:

“ಎರಡ ಹಿಡಿಸ್ತಾವಂದ್ರ ಸೊನ್ನಿ, ಮೂರು ಅಂತ ಬರಿ. ಮತ್ತ ಮೊದಲಿಂದ ಸುರು ಮಾಡ್ತೇನಿ.”

ಹತ್ತು ತಪ್ಪು

ನಾಲ್ಕೂ ತಾಲೂಕಿನ ಮೊದಲ ಲಾಟು ಬೆಂಗಳೂರಿಗೆ ಹೋಗಿ ತಿಂಗಳಾಗಿತ್ತು. ಒಂದು ಗಂಟೂ ವಾಪಸ್ ಬರಲಿಲ್ಲ. ಸಿಪಾಯಿ ಪೇಢೆ ತಂದು ಹಂಚಿದ. ಅದರ ಮೂರನೆಯ ದಿನ ಮೇಲಿನಿಂದ ಒಂದು ಪತ್ರ ಬಂತು. ಎಲ್ಲ ಕಚೇರಿಗಳಿಂದ ತಪ್ಪು ಬರುವಾಗ ನಿಮ್ಮಲ್ಲಿ ಮಾತ್ರ ಒಂದೂ ಇಲ್ಲವೆಂದರೆ ಹೇಗೆ? ಮಾಳಿಗೆಯ ಮೇಲೆ ಕೂತು ನೀವೇ ಅಂಕಿ ತಿದ್ದುತ್ತಿರಬೇಕು. ವಿಚಾರಣೆಗೆ ಅಧಿಕಾರಿ ಬರುತ್ತಾರೆ, ಸಂಶಯ ನಿಜವಾದರೆ ಕಚೇರಿ ಮುಚ್ಚಲಾಗುವುದು.

ತಪ್ಪು ಮಾಡಿದ್ದರೆ ಬೈಸಿಕೊಂಡು ಉಳಿಯಬಹುದಿತ್ತು, ಮಾಡದೇ ಇದ್ದುದಕ್ಕೆ ಮನೆಗೆ ಹೋಗುವ ಪ್ರಸಂಗ ಬಂತು. ನನ್ನ ಆರ್ಡರ್ ಮುಗಿಯಲು ಇನ್ನೂ ಒಂದೂವರೆ ತಿಂಗಳಿತ್ತು. ಅಧಿಕಾರಿ ಬರುವವರೆಗಿನ ಒಂದು ವಾರ ದೇವರ ಜಗಲಿಯ ಮುಂದೆ ದಿನಕ್ಕೆರಡು ಸಲ ಕೈ ಮುಗಿದೆ.

ಅಧಿಕಾರಿ ಬಂದರು. ಬೆಂಗಳೂರಿನವರು, ದಪ್ಪ ಕನ್ನಡಕ, ಮೆಲ್ಲಗಿನ ಮಾತು. ನಾವು ಬೈಬಲು ಕುರಾನಿನಂತೆ ಕಾಪಾಡಿಕೊಂಡಿದ್ದ ನಿಯಮದ ಪುಸ್ತಕ ಬರೆದವರು ಅವರೇ ಅಂತೆ. ಚಹಾ ಕೂಡ ಮುಟ್ಟದೆ ಚೀಲದಿಂದ ಒಂದು ಗಂಟು ತೆಗೆದು ಮೇಜಿನ ಮೇಲಿಟ್ಟರು.

“ಇದರಲ್ಲಿ ನೂರು ಫಾರ್ಮ್ ಇದೆ. ಎಲ್ಲಾ ನಾನೇ ನನ್ನ ಕೈಯಾರೆ ತುಂಬಿರೋದು. ಕೆಲವು ಕಡೆ ಬೇಕಂತಲೇ ತಪ್ಪು ಹಾಕಿದ್ದೀನಿ. ಎಷ್ಟು, ಎಲ್ಲಿ ಅಂತ ಬರೆದಿರೋ ಚೀಟಿ ನನ್ನ ಜೇಬಿನಲ್ಲಿದೆ. ಸಂಜೆ ನಾಲ್ಕರೊಳಗೆ ಹುಡುಕಿ ಕೊಡಿ. ಅಷ್ಟೂ ಸಿಕ್ಕಿದರೆ ನಿಮ್ಮನ್ನ ನಂಬ್ತೀನಿ.”

ಸಾಹೇಬರು ಟೊಪ್ಪಿಗೆ ಸರಿ ಮಾಡಿಕೊಂಡು ಕಣ್ಣು ಮುಚ್ಚಿ ಕೂತರು. ನಾನು ಒಂದೊಂದು ಖಾನೆಯನ್ನು ಮೇಲಿನಿಂದ ಕೆಳಗೆ ಓದುತ್ತ ಹೋದೆ. ಅವರು ನೋಡಲಿಲ್ಲ, ಕೇಳುತ್ತಿದ್ದರು. ಅಂಕಿ ಹಾದಿ ತಪ್ಪಿದಲ್ಲೆಲ್ಲ ಒಂದು ಬೆರಳು ಮೇಜಿಗೆ ತಾಗುತ್ತಿತ್ತು, ನಾನು ಸುತ್ತು ಹಾಕುತ್ತಿದ್ದೆ. ಗೆರೆಗೆ ತಾಗಿದ ಅಂಕಿ, ಖಾಲಿ ಬಿಟ್ಟ ಖಾನೆ, ಇವು ನನ್ನ ಕಣ್ಣಿನ ಪಾಲು. ಕೆಳಗೆ ಶಿಂಪಿಗರ ಅಂಗಡಿಯ ಹೊಲಿಗೆ ಯಂತ್ರ ಗಡಗಡ ಎನ್ನುತ್ತಿತ್ತು. ನಡುವೆ ಊಟಕ್ಕೂ ಏಳಲಿಲ್ಲ. ಅಧಿಕಾರಿ ಎದುರಿಗೆ ಕೂತು, ಮೊದಲು ಸಂಶಯದಿಂದ, ಆಮೇಲೆ ಬಾಯಿ ತೆರೆದು ನೋಡುತ್ತಿದ್ದರು.

ನಾಲ್ಕಕ್ಕೆ ಐದು ಮಿನಿಟು ಇರುವಾಗ ಮುಗಿಯಿತು. ಅಧಿಕಾರಿ ಜೇಬಿನಿಂದ ಚೀಟಿ ತೆಗೆದು ಒಂದೊಂದೇ ಸುತ್ತಿಗೆ ಹೋಲಿಸಿದರು. ಒಂದು, ಎರಡು, ಮೂರು. ಹತ್ತರವರೆಗೆ ಬಂದರು. ಚೀಟಿ ಮುಗಿಯಿತು. ಸುತ್ತುಗಳು ಮುಗಿಯಲಿಲ್ಲ.

“ನಾನು ಹಾಕಿದ್ದು ಹತ್ತು. ಹತ್ತೂ ಸಿಕ್ಕಿದೆ. ನೀವು ಹದಿಮೂರು ಕಡೆ ಸುತ್ತು ಹಾಕಿದ್ದೀರಿ. ಈ ಮೂರು ಯಾವುದು?”

ಸಾಹೇಬರು ಎದ್ದು ನಿಂತು, ನೆಲ ನೋಡುತ್ತ, ಬಹಳ ಸಂಕೋಚದಿಂದ ಹೇಳಿದರು:

“ಅವೂ ತಮ್ಮವರಿ. ತಮಗ ಗೊತ್ತಾಗದಂಗ ಬಿದ್ದಾವ.”

ಮೇಜಿನ ಮೇಲೆ ಎರಡು ಕಾಗದ

ಆ ಅಧಿಕಾರಿ ದೊಡ್ಡ ಮನುಷ್ಯರು. ನಕ್ಕರು, ತಣ್ಣಗಾದ ಚಹಾ ಕುಡಿದರು, ಹೋಗುವಾಗ ನನ್ನನ್ನು ಕಾಯಂ ಮಾಡಲು ಮೇಲಕ್ಕೆ ಬರೆಯುತ್ತೇನೆಂದು ಮಾತು ಕೊಟ್ಟರು. ಅಂದಿನಿಂದ ನಾನು ಅಂಚೆಯವನ ದಾರಿ ಕಾಯತೊಡಗಿದೆ. ದಿನಗಳು ಹೋದವು, ಆರ್ಡರ್ ಬರಲಿಲ್ಲ. ಕಡೆಗೆ ನನ್ನ ಮೂರು ತಿಂಗಳು ಮುಗಿಯುವ ದಿನವೂ ಬಂತು. ಆರ್ಡರ್ ಬರುವ ಮೊದಲು ಅಪ್ಪ ಬಂದ.

ಬಾಗೇವಾಡಿಯಿಂದ ಮುಂಜಾನೆಯ ಬಸ್ಸಿಗೆ ಬಂದು, ನೆಟ್ಟಗೆ ಮಾಳಿಗೆ ಹತ್ತಿ, ಬೆಂಚಿನ ಮೇಲೆ ಕೂತ. “ಮೂರು ಗಂಟೆಕ ಬಸ್ ಐತಿ. ನಿಮ್ಮ ದೊಡ್ಡವ್ವಗ ಹೇಳಿ ಬಂದೇನಿ, ಟ್ರಂಕು ತಯಾರ ಮಾಡಾಕತ್ತಾಳ” ಎಂದ. ನಾನು ಕೈಯಲ್ಲಿದ್ದ ಗಂಟು ತಪಾಸಣೆ ಮಾಡುತ್ತಿದ್ದೆ. ಅಂಕಿಗಳು ಕಣ್ಣಿಗೆ ಮಂಜುಮಂಜಾಗಿ ಕಾಣುತ್ತಿದ್ದವು.

ಹನ್ನೆರಡರ ಸುಮಾರಿಗೆ ಅಂಚೆ ಬಂತು. ಸಾಹೇಬರು ಲಕೋಟೆ ಒಡೆದು ಓದಿದರು. ಅವರ ಮುಖ ಅರಳಿತು. “ಬಾಯಾರ, ಕಾಯಂ ಆತ್ರಿ” ಎಂದು ಕಾಗದ ನನ್ನ ಕಡೆ ಚಾಚಿದವರು, ಅರ್ಧಕ್ಕೆ ಕೈ ಹಿಂದಕ್ಕೆ ಎಳೆದುಕೊಂಡರು. ಮತ್ತೆ ಓದಿದರು. ಈ ಸಲ ಉದ್ದಕ್ಕೆ ಓದಿದರು. ಮುಖ ಸಣ್ಣದಾಯಿತು. ಕಾಗದವನ್ನು ನನ್ನ ಮುಂದಿಟ್ಟು ಕಿಟಕಿಯ ಕಡೆ ತಿರುಗಿ ನಿಂತರು.

ಹೆಸರು ಸರಿ, ಊರು ಸರಿ, ಹುಟ್ಟಿದ ತಾರೀಖು ಸರಿ. ನೌಕರಿಗೆ ಸೇರಿದ ತಾರೀಖು ಸರಿ. ಅದರ ಕೆಳಗೆ ನಿವೃತ್ತಿಯ ತಾರೀಖು. ಅದು ನಾನು ಸೇರಿದ್ದಕ್ಕಿಂತ ನಾಲ್ಕು ವರ್ಷ ಹಿಂದಿನದಾಗಿತ್ತು. ಆರ್ಡರಿನ ಪ್ರಕಾರ ನಾನು ಶಾಲೆಯಲ್ಲಿ ಓದುತ್ತಿರುವಾಗಲೇ ಸರಕಾರದ ಸೇವೆಯಿಂದ ನಿವೃತ್ತಳಾಗಿದ್ದೆ.

“ಬಾಯಾರ,” ಸಾಹೇಬರು ತಿರುಗಿ ನೋಡದೆ ಹೇಳಿದರು, “ಇದೊಂದು ಬಿಡೂಣೇನ್ರಿ? ಯಾರೂ ನೋಡೂದಿಲ್ಲ.”

ಮುಂದೆ ಅವರ ಕೈಕೆಳಗೆ ಕೆಲಸ ಮಾಡಿದ ಅಷ್ಟೂ ವರ್ಷ ಸೇರಿಸಿದರೂ ಅವರ ಬಾಯಿಂದ ‘ಬಿಡೂಣು’ ಎಂಬ ಮಾತು ನಾನು ಕೇಳಿದ್ದು ಅದೊಂದೇ ಸಲ. ನನಗಾಗಿ ತಮ್ಮ ಜೀವಮಾನದ ನೇಮವನ್ನೇ ಮುರಿಯಲು ನಿಂತಿದ್ದರು. ನನಗೆ ಅಳು ಬಂತು. ಆ ಮಾತಿನ ಹಿಂದಿನ ಪ್ರೀತಿಗೇ ಬಂದ ಅಳು ಅದು, ನೌಕರಿ ಹೋಗುತ್ತದೆಂದು ಬಂದದ್ದಲ್ಲ. ಆದರೆ ಕೈಯಲ್ಲಿ ಪೆನ್ಸಿಲಿತ್ತು, ಕಣ್ಣೆದುರಿಗೆ ತಪ್ಪಿತ್ತು. ಹೊರ್ತಿಯ ಹೆಣ್ಣುಮಕ್ಕಳಿಗೆ, ಮುದ್ದೇಬಿಹಾಳದ ಅಣ್ಣತಮ್ಮಂದಿರಿಗೆ ಒಂದು ನಿಯಮ, ನನಗೊಂದು ನಿಯಮವೇ? ನಿವೃತ್ತಿಯ ತಾರೀಖಿಗೆ ಸುತ್ತು ಹಾಕಿ, ಮೇಲೆ ‘ವಾಪಸ್’ ಎಂದು ಬರೆದೆ.

ಅಪ್ಪನಿಗೆ ತಾರೀಖಿನ ಗೊಡವೆ ಇರಲಿಲ್ಲ. ಅವನಿಗೆ ಕಂಡದ್ದು ಇಷ್ಟೇ: ಮಗಳ ಕೈಗೆ ಆರ್ಡರ್ ಬಂತು, ಮಗಳೇ ಅದನ್ನು ಹಿಂದಕ್ಕೆ ಕಳಿಸಿದಳು. ಅವನಿಗೆ ಹುರುಪು ಬಂತು. “ಬೇಶ್ ಮಾಡಿದಿ. ಹಂಗಾದ್ರ ಇದನ್ನ ನೋಡು” ಎಂದು ಅಂಗಿಯ ಒಳಕಿಸೆಯಿಂದ ಮಡಚಿದ ಒಂದು ಹಾಳೆ ತೆಗೆದು ಮೇಜಿನ ಮೇಲೆ ಹರಡಿದ. ವರನ ವಿವರ. ಗಂಡಿನ ಕಡೆಯವರೇ ಗೆರೆ ಹೊಡೆದು, ಸಾಲು ಸಾಲಾಗಿ, ಒಳ್ಳೆಯ ಅಕ್ಷರದಲ್ಲಿ ಬರೆದು ಕಳಿಸಿದ್ದರು.

ನಾನು ಓದಬಾರದೆಂದೇ ಇದ್ದೆ. ಆದರೆ ಗೆರೆ ಹೊಡೆದ ಹಾಳೆ ಎದುರಿಗೆ ಬಂದರೆ ನನ್ನ ಕಣ್ಣು ಮೇಲಿನಿಂದ ಕೆಳಗೆ ಹೋಗದೆ ಇರುವುದಿಲ್ಲ. ವರನ ವಯಸ್ಸು ಇಪ್ಪತ್ತೇಳು. ಅದರ ಕೆಳಗೆ, ತಮ್ಮನ ವಯಸ್ಸು ಮೂವತ್ತೊಂದು. ನನ್ನ ಕೈ ತಾನಾಗಿಯೇ ಹೋಗಿ ಸುತ್ತು ಹಾಕಿತು. ಇನ್ನೂ ಕೆಳಗೆ ‘ಚಟಗಳು’ ಎಂದು ಬರೆದು, ಮುಂದೆ ಖಾಲಿ ಬಿಟ್ಟಿದ್ದರು. ಅಲ್ಲಿಗೂ ಒಂದು ಸುತ್ತು ಬಿತ್ತು.

ಸಾಹೇಬರು ಕಿಟಕಿಯಿಂದ ತಿರುಗಿ ಬಂದು, ಬಗ್ಗಿ ನೋಡಿ, ಅಪ್ಪನನ್ನು ಬಹಳ ಮರ್ಯಾದೆಯಿಂದ ಕೇಳಿದರು: “ತಮ್ಮ ಅಣ್ಣಗಿಂತ ನಾಕ ವರ್ಷ ದೊಡ್ಡವ ಹೆಂಗ ಆದನ್ರಿ?”

ಅಪ್ಪ ಹಾಳೆ ತಿರುಗಿಸಿಕೊಂಡು ನೋಡಿದ. ಒಂದೊಂದು ಹಗ್ಗವನ್ನೂ ಎಳೆದು ನೋಡಿ ಮಾರುವ ಮನುಷ್ಯ. ಬೆರಳಿಟ್ಟು ಎರಡೆರಡು ಸಲ ಓದಿದ. “ಈ ಮಧ್ಯಸ್ಥಗಾರ ನನ್ನ ಕಣ್ಣಿಗೆ ಮಣ್ಣು ಹಾಕ್ಯಾನ” ಎಂದು ಗೊಣಗಿದ. ಆಮೇಲೆ ಒಂದು ಕಡೆ ಆರ್ಡರ್, ಇನ್ನೊಂದು ಕಡೆ ವರನ ವಿವರ, ಎರಡರ ಮೇಲೂ ಕೆಂಪು ಸುತ್ತು, ಎಲ್ಲವನ್ನೂ ನೋಡಿ ತಲೆಯ ಮೇಲೆ ಕೈ ಇಟ್ಟುಕೊಂಡ.

“ನೌಕರಿನೂ ವಾಪಸ್, ವರನೂ ವಾಪಸ್. ಹಂಗಾದ್ರ ನಾ ಇಲ್ಲಿತನಕ ಬಂದದ್ದ ಯಾಕವ್ವಾ?”

“ಎರಡೂ ಕಡಿಯವರು ತಿದ್ದಿ ಕಳಸ್ಲಿ ಅಪ್ಪಾ,” ಎಂದೆ. “ಯಾವುದು ಮೊದಲ ಸರಿಯಾಗಿ ಬರ್ತೈತಿ, ಅದಕ್ಕ ಸಹಿ ಮಾಡ್ತೇನಿ. ನಿನ್ನಾಣಿ.”

ಅಪ್ಪ ಸಾಹೇಬರ ಕಡೆ ತಿರುಗಿ, “ಸಾಹೇಬ್ರ, ಅಲ್ಲಿತನಕ ಇಕಿ ಇಲ್ಲೇ ಇರ್ಲಿ. ಈ ಪೆನ್ಸಿಲ್ ಹಿಡ್ಕೊಂಡು ಮನಿಗೆ ಬಂದ್ರ ನಮ್ಮನ್ನೆಲ್ಲಾ ವಾಪಸ್ ಮಾಡ್ಯಾಳು” ಎಂದು, ಮೂರರ ಬಸ್ಸಿಗೆ ಒಬ್ಬನೇ ಊರಿಗೆ ಹೋದ.

ಇಪ್ಪತ್ತು ದಿನಕ್ಕೆ ಆರ್ಡರ್ ತಿದ್ದಿಸಿಕೊಂಡು ಬಂತು. ಸಾಹೇಬರೂ ನಾನೂ ಮೇಲಿನಿಂದ ಕೆಳಗೆ ಮೂರು ಸಲ ಓದಿದೆವು, ಆಮೇಲೆ ಸಹಿ ಮಾಡಿದೆ. ಆ ನೌಕರಿಯನ್ನು ಪೂರ್ತಿ ಮಾಡಿ, ಅದರಲ್ಲಿ ಬರೆದ ತಾರೀಖಿಗೇ ನಿವೃತ್ತಳೂ ಆದೆ. ನಡುವೆ ಮದುವೆಯೂ ಆಯಿತು, ಮಕ್ಕಳೂ ಆದವು. ಆ ವರನ ಕಾಗದ ಮಾತ್ರ ಇನ್ನೂ ತಿದ್ದಿ ಬಂದಿಲ್ಲ. ಅಂಚೆಯವನು ಬಾಗಿಲಿಗೆ ಬಂದಾಗಲೆಲ್ಲ ನಮ್ಮ ಯಜಮಾನರು ಈಗಲೂ ಪೇಪರಿನಿಂದ ತಲೆ ಎತ್ತಿ ಕೇಳುತ್ತಾರೆ: “ನೋಡ ನೋಡ, ಅದೇನಾರ ಬಂದೈತೇನು? ಬಂದಿದ್ರ ನಾ ನನ್ನ ಟ್ರಂಕು ತಯಾರ ಮಾಡ್ತೇನಿ.”